ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಒಂದು ವಾಕ್ಯದ ಪರಿಚಯವಿರುತ್ತದೆ: ‘ಮಾಹಿತಿಗಾಗಿ ಹಾಗೂ ಮುಂದಿನ ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ.’ ಕಾಗದದ ಮೇಲೆ ಈ ಷರಾ ಬಿತ್ತೆಂದರೆ ಅದು ಒಬ್ಬರ ಮೇಜಿನಿಂದ ಇಳಿದು ಇನ್ನೊಬ್ಬರ ಮೇಜು ಹತ್ತಿತು ಎಂದಷ್ಟೇ ಅರ್ಥ. ಸೂಕ್ತ ಕ್ರಮ ಯಾವುದು, ಯಾರು ತೆಗೆದುಕೊಳ್ಳಬೇಕು, ಎಷ್ಟು ದಿನದೊಳಗೆ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಕಳಿಸಿದವರ ಕೆಲಸ ಮುಗಿಯಿತು. ತಲುಪಿದವರ ಕೆಲಸ ಶುರುವಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ರಸ್ತೆ ಗುಂಡಿಯ ದೂರಿಗೆ ಹೀಗಾದರೆ ಜನ ಗೊಣಗಿ ಸುಮ್ಮನಾಗುತ್ತಾರೆ. ಆದರೆ ಭಯೋತ್ಪಾದಕ ದಾಳಿಯ ಮುನ್ಸೂಚನೆಗೂ ಹೀಗೇ ಆಗಬಹುದು ಎಂಬುದಕ್ಕೆ ಮುಂಬಯಿಯಲ್ಲಿ ದಾಖಲೆಯಿದೆ.

2008ರ ನವೆಂಬರ್ 26ರ ದಾಳಿಯಲ್ಲಿ 166 ಜನ ಸತ್ತರು. ಅದಾದ ತಿಂಗಳಿಗೆ ಮಹಾರಾಷ್ಟ್ರ ಸರ್ಕಾರ ಇಬ್ಬರ ಸಮಿತಿಯನ್ನು ನೇಮಿಸಿತು. ಕೇಂದ್ರದ ಮಾಜಿ ಗೃಹ ಕಾರ್ಯದರ್ಶಿ ರಾಮ್ ಪ್ರಧಾನ್ ಅದರ ಮುಖ್ಯಸ್ಥರು, ಗುಪ್ತಚರ ಇಲಾಖೆಯಲ್ಲಿ ದೀರ್ಘಕಾಲ ದುಡಿದಿದ್ದ ವಿ. ಬಾಲಚಂದ್ರನ್ ಸದಸ್ಯರು. 2009ರ ಏಪ್ರಿಲ್‌ನಲ್ಲಿ ಅವರು ಕೊಟ್ಟ ವರದಿಯಲ್ಲಿ ಓದುಗರನ್ನು ತಡೆದು ನಿಲ್ಲಿಸುವ ಒಂದು ಭಾಗವಿದೆ. ಲಷ್ಕರ್ ಸಮುದ್ರದ ಮೂಲಕ ಜನರನ್ನು ನುಗ್ಗಿಸಲು ತಯಾರಿ ನಡೆಸಿದೆ ಎಂಬ ಎಚ್ಚರಿಕೆ 2006ರ ಆಗಸ್ಟ್‌ನಲ್ಲೇ ಬಂದಿತ್ತು. ಸಮುದ್ರದಿಂದ ದಾಳಿಯಾಗಬಹುದು ಎಂಬ ಸಂದೇಶಗಳು ಒಟ್ಟು 6. ಏಕಕಾಲಕ್ಕೆ ಹಲವು ಕಡೆ ದಾಳಿ ನಡೆಯಬಹುದು ಎಂದವು 11. ಆತ್ಮಾಹುತಿ ತಂಡ ಬರಬಹುದು ಎಂದವು 3. ಸಮುದ್ರ, ಹಲವು ಕಡೆ, ಸಾಯಲು ಸಿದ್ಧರಾದ ತಂಡ: ನವೆಂಬರ್ 26ರ ರಾತ್ರಿ ನಡೆದದ್ದು ಈ ಮೂರೂ ಕೂಡಿದ್ದೇ. ಈ ಎಚ್ಚರಿಕೆಗಳನ್ನು ನಿಭಾಯಿಸುವುದರಲ್ಲಿ ರಾಜ್ಯ ಸರ್ಕಾರದ ಮಟ್ಟದಲ್ಲಿ ಪೂರ್ತಿ ಗೊಂದಲವಿತ್ತು ಎಂದು ಸಮಿತಿ ಕಂಡುಕೊಂಡಿತು. ತಾಜ್ ಹೋಟೆಲಿಗೂ ಮುನ್ನೆಚ್ಚರಿಕೆ ಬಂದಿತ್ತು, ಕೆಲಕಾಲ ಭದ್ರತೆ ಬಿಗಿಗೊಳಿಸಿ ಆಮೇಲೆ ಸಡಿಲಿಸಲಾಗಿತ್ತು ಎಂದು ದಾಳಿಯ ನಂತರ ರತನ್ ಟಾಟಾ ಅವರೇ ಸಂದರ್ಶನವೊಂದರಲ್ಲಿ ಹೇಳಿದರು.

ಅಂದರೆ ಮಾಹಿತಿ ಹಂಚಿಕೆ ಆಗಿತ್ತು. ದೆಹಲಿಯಿಂದ ಮುಂಬಯಿಗೆ, ಮಂತ್ರಾಲಯದಿಂದ ಪೊಲೀಸ್ ಆಯುಕ್ತರ ಕಚೇರಿಗೆ, ಅಲ್ಲಿಂದ ಹೋಟೆಲಿನ ಬಾಗಿಲಿಗೆ ಕಾಗದ ಇಳಿದು ಬಂದಿತ್ತು. ಹಂಚಿಕೆಯಾಗದೆ ಉಳಿದದ್ದು ಹೊಣೆ. ಹದಿನೇಳು ವರ್ಷಗಳಿಂದ ನಡೆದಿರುವ ಗುಪ್ತಚರ ಕೇಂದ್ರಗಳ ಚರ್ಚೆಯಲ್ಲಿ ಈ ವ್ಯತ್ಯಾಸವೇ ಮರೆತುಹೋಗಿದೆ.

ಮಾಹಿತಿಯನ್ನೆಲ್ಲ ಒಂದೇ ಮೇಜಿಗೆ ತರುವ ಆಲೋಚನೆ 26/11ರ ಕೂಸಲ್ಲ. ಕಾರ್ಗಿಲ್ ಯುದ್ಧದ ಪಾಠವಾಗಿ 2001ರ ಡಿಸೆಂಬರ್‌ನಲ್ಲಿ ಇಂಟೆಲಿಜೆನ್ಸ್ ಬ್ಯೂರೋದ, ಅಂದರೆ ಐಬಿಯ ಒಳಗೆ ಮಲ್ಟಿ ಏಜೆನ್ಸಿ ಸೆಂಟರ್ ಹುಟ್ಟಿತ್ತು. ‘ಮ್ಯಾಕ್’ ಎಂದು ಕರೆಯುವ ಈ ಕೇಂದ್ರಕ್ಕೆ ರಾಜ್ಯಗಳಲ್ಲಿ ಶಾಖೆಗಳೂ ಆದವು. ಮುಂಬಯಿ ಹೊತ್ತಿ ಉರಿದಾಗ ಅದಕ್ಕೆ ಏಳು ವರ್ಷ. ದಾಳಿಯ ನಂತರ ಗೃಹ ಸಚಿವರಾದ ಪಿ. ಚಿದಂಬರಂ 2008ರ ಡಿಸೆಂಬರ್ 31ರಂದು ಹೊರಡಿಸಿದ ಆದೇಶ ಅದಕ್ಕೆ ಜೀವ ತುಂಬಿತು. ಎಲ್ಲ ಸಂಸ್ಥೆಗಳೂ ಮಾಹಿತಿಯನ್ನು ಮ್ಯಾಕ್‌ಗೆ ಕೊಡಲೇಬೇಕು, ಮ್ಯಾಕ್ ರಾಜ್ಯಗಳೂ ಸೇರಿದಂತೆ ಎಲ್ಲರೊಂದಿಗೆ ಹಂಚಿಕೊಳ್ಳಲೇಬೇಕು ಎಂದಾಯಿತು. ಜೊತೆಗೆ ರಾಷ್ಟ್ರೀಯ ತನಿಖಾ ಸಂಸ್ಥೆ ಬಂತು, ಮುಂಬಯಿಗೆ ಎನ್‌ಎಸ್‌ಜಿಯ ನೆಲೆ ಬಂತು, ರಾಜ್ಯ ಪೊಲೀಸರದೇ ‘ಫೋರ್ಸ್ ಒನ್’ ಬಂತು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ಹಂಗಿಸುವುದು ಸುಲಭ. ಆದರೆ ಬಾಗಿಲು ಹಾಕಬೇಕಿತ್ತು. ದಾಳಿಯ ರಾತ್ರಿ ಕಮಾಂಡೊಗಳು ದೆಹಲಿ ಕಡೆಯಿಂದ ಹೊರಟು ಕಾರ್ಯಾಚರಣೆಗೆ ಇಳಿಯುವಾಗ ಬೆಳಗಾಗಿತ್ತು. ಅವರಲ್ಲಿ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್‌ನಿಂದ ಜೀವಂತ ಮರಳಲಿಲ್ಲ.

ತಕರಾರು ಶುರುವಾದದ್ದು ಮುಂದಿನ ಹೆಜ್ಜೆಯಲ್ಲಿ. ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ, ಎನ್‌ಸಿಟಿಸಿಯನ್ನು ಸ್ಥಾಪಿಸುವ ಆದೇಶ 2012ರ ಫೆಬ್ರುವರಿ 3ರಂದು ಹೊರಬಿತ್ತು. ಅಮೆರಿಕದ ಇದೇ ಹೆಸರಿನ ಕೇಂದ್ರ ಮಾಹಿತಿಯನ್ನು ಜೋಡಿಸಿ ವಿಶ್ಲೇಷಿಸುತ್ತದೆ, ಯಾರನ್ನೂ ಬಂಧಿಸುವುದಿಲ್ಲ. ಇಲ್ಲಿನ ಕೇಂದ್ರಕ್ಕೆ ಯುಎಪಿಎ ಅಡಿಯಲ್ಲಿ ಬಂಧನ ಮತ್ತು ಶೋಧನೆಯ ಅಧಿಕಾರ ಕೊಟ್ಟು ಅದನ್ನು ಐಬಿಯ ಒಳಗೆ ಕೂರಿಸಲಾಯಿತು. ನವೀನ್ ಪಟ್ನಾಯಕ್, ಮಮತಾ ಬ್ಯಾನರ್ಜಿ, ಜಯಲಲಿತಾ, ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಎಲ್ಲರೂ ವಿರೋಧಿಸಿದರು. ಪೊಲೀಸ್ ಮತ್ತು ಕಾನೂನು ಸುವ್ಯವಸ್ಥೆ ರಾಜ್ಯದ ವಿಷಯ ಎಂಬುದು ಅವರ ವಾದ. ಮೇ 5ರ ಮುಖ್ಯಮಂತ್ರಿಗಳ ಸಭೆಯಲ್ಲೂ ಒಮ್ಮತ ಮೂಡದೆ ಯೋಜನೆ ಮೂಲೆ ಸೇರಿತು.

ರಾಜ್ಯಗಳ ಆಕ್ಷೇಪದಲ್ಲಿ ಹುರುಳಿತ್ತು. ಸಂಸತ್ತಿಗೆ ಉತ್ತರ ಹೇಳದ, ತನ್ನದೇ ಕಾಯ್ದೆಯೂ ಇಲ್ಲದ ಗುಪ್ತ ಸಂಸ್ಥೆಯ ಕೈಗೆ ಬೇಡಿ ಕೊಡುವುದು ಅಪಾಯವೇ. ಆದರೆ ಇಡೀ ವಾದ ಅಧಿಕಾರ ದೆಹಲಿಗೋ ರಾಜ್ಯಕ್ಕೋ ಎಂಬಲ್ಲೇ ಸುತ್ತಿತು. ಎಚ್ಚರಿಕೆ ತಲುಪಿದ ಮೇಲೆ ಏನೂ ಮಾಡದವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಎತ್ತಲಿಲ್ಲ. ಆ ಪ್ರಶ್ನೆಯಿಂದ ಇಬ್ಬರಿಗೂ ಕಷ್ಟವಿತ್ತು.

ಹೊಣೆಯಿಲ್ಲದ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಅಷ್ಟರಲ್ಲಾಗಲೇ ಮುಂಬಯಿ ಮತ್ತೆ ಎರಡು ಸಲ ಕಂಡಿತ್ತು. 2011ರ ಜುಲೈ 13ರಂದು ಒಪೇರಾ ಹೌಸ್, ಜವೇರಿ ಬಜಾರ್ ಮತ್ತು ದಾದರ್‌ನಲ್ಲಿ ಬಾಂಬ್ ಸಿಡಿದು 26 ಜನ ಸತ್ತರು. ಆರು ತಿಂಗಳ ಬಳಿಕ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ, ಎಟಿಎಸ್, ಒಬ್ಬ ಯುವಕನನ್ನು ಬಂಧಿಸಿತು. ಅವನು ಭಟ್ಕಳ ಮೂಲದ ಯಾಸಿನ್‌ನನ್ನು ಪತ್ತೆಹಚ್ಚಲು ತಮಗೆ ನೆರವಾಗುತ್ತಿದ್ದವನು ಎಂಬ ಮಾತು ದೆಹಲಿ ಪೊಲೀಸರ ಕಡೆಯಿಂದ ಪತ್ರಿಕೆಗಳಿಗೆ ಬಂತು. ಇಲ್ಲ, ಅವನೇ ಆರೋಪಿ ಎಂದಿತು ಎಟಿಎಸ್. ಎರಡು ಪೊಲೀಸ್ ಪಡೆಗಳು ಹುಡುಕುತ್ತಿದ್ದುದು ಒಬ್ಬನನ್ನೇ. ಮ್ಯಾಕ್ ಹೊಸ ಹುರುಪಿನಿಂದ ಕೆಲಸ ಮಾಡುತ್ತಿದ್ದ ಮೂರನೆಯ ವರ್ಷವದು. ಯಾಸಿನ್ ಸಿಕ್ಕಿದ್ದು 2013ರ ಆಗಸ್ಟ್‌ನಲ್ಲಿ. ನಡುವೆ ಫೆಬ್ರುವರಿಯಲ್ಲಿ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಬಾಂಬ್ ಸಿಡಿದು 18 ಜನ ಸತ್ತಿದ್ದರು. ಆ ಪ್ರಕರಣದಲ್ಲಿ ಅವನಿಗೆ ಮರಣದಂಡನೆಯಾಗಿದೆ. ಜಗಳ ಆಗದಿದ್ದರೆ ಅವನು ಮೊದಲೇ ಸಿಗುತ್ತಿದ್ದ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಆ ಜಗಳದ ಬಗ್ಗೆ ಸಾರ್ವಜನಿಕ ವಿಚಾರಣೆಯೇ ನಡೆಯಲಿಲ್ಲ.

ಇನ್ನೊಂದು ಘಟನೆ ನಗೆಪಾಟಲಿನದು. ಅದೇ 2011ರ ಜುಲೈ ಕೊನೆಗೆ ‘ಪವಿತ್’ ಎಂಬ ಸುಮಾರು ಸಾವಿರ ಟನ್ನಿನ ಹಡಗು ಸಿಬ್ಬಂದಿಯಿಲ್ಲದೆ ಅರಬ್ಬಿ ಸಮುದ್ರದಲ್ಲಿ ತೇಲುತ್ತ ಬಂದು ಜುಹೂ ದಡಕ್ಕೆ ಬಡಿಯಿತು. ಓಮನ್ ಬಳಿ ಅದರ ಸಿಬ್ಬಂದಿಯನ್ನು ಬ್ರಿಟಿಷ್ ನೌಕಾಪಡೆ ರಕ್ಷಿಸಿ ತಿಂಗಳಾಗಿತ್ತು. ಹೊರಗೆ ನೌಕಾಪಡೆ, ನಡುವೆ ಕರಾವಳಿ ಕಾವಲು ಪಡೆ, ದಡದಲ್ಲಿ ಕರಾವಳಿ ಪೊಲೀಸರು ಎಂದು 26/11ರ ನಂತರ ಕಟ್ಟಿದ ಮೂರು ಸುತ್ತಿನ ಕೋಟೆಯನ್ನು ಚಾಲಕನಿಲ್ಲದ ಹಡಗು ದಾಟಿತ್ತು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಪ್ರತಿ ವೈಫಲ್ಯಕ್ಕೂ ಸರ್ಕಾರಗಳ ಬಳಿ ಸಿದ್ಧವಾಗಿರುವ ಉತ್ತರ ಇನ್ನಷ್ಟು ಮಾಹಿತಿ. ನ್ಯಾಟ್‌ಗ್ರಿಡ್ ಹುಟ್ಟಿದ್ದು ಹೀಗೆ. ದಾಳಿಗೆ ಮುನ್ನ ಡೇವಿಡ್ ಹೆಡ್ಲಿ ಮತ್ತೆ ಮತ್ತೆ ಮುಂಬಯಿಗೆ ಬಂದು, ತಾರದೇವ್‌ನಲ್ಲಿ ವಲಸೆ ಸಲಹೆಯ ಕಚೇರಿ ತೆರೆದು, ತಾಜ್‌ನ ಮೂಲೆ ಮೂಲೆ ನೋಡಿಕೊಂಡು ಹೋಗಿದ್ದ. ವೀಸಾ, ವಿಮಾನಯಾನ, ಬ್ಯಾಂಕು, ದೂರವಾಣಿಯ ದಾಖಲೆಗಳನ್ನು ಒಂದೇ ಕಡೆ ಹುಡುಕುವಂತಿದ್ದರೆ ಅವನು ಸಿಗುತ್ತಿದ್ದ ಎಂಬುದು ಯೋಜನೆಯ ಹಿಂದಿನ ತರ್ಕ. ಅದರ ಬೆಂಗಳೂರು ಆವರಣವನ್ನು 2022ರ ಮೇ 3ರಂದು ಅಮಿತ್ ಶಾ ಉದ್ಘಾಟಿಸಿದರು. 2025ರ ಮೇ 16ರಂದು ದೆಹಲಿಯಲ್ಲಿ 500 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಹೊಸ ಮ್ಯಾಕ್ ಕೂಡ ಉದ್ಘಾಟನೆಯಾಯಿತು.

ತರ್ಕ ತಪ್ಪಲ್ಲ, ಅರ್ಧ ಮಾತ್ರ. ಮುಂಬಯಿ ದಾಳಿಗೆ ಮುನ್ನ ಲಷ್ಕರ್‌ನ ತಾಂತ್ರಿಕ ಮುಖ್ಯಸ್ಥ ಜರಾರ್ ಷಾನ ಕಂಪ್ಯೂಟರ್ ಚಟುವಟಿಕೆಯನ್ನು ಬ್ರಿಟನ್ನಿನ ಗುಪ್ತಚರರು ಗಮನಿಸುತ್ತಿದ್ದರು, ಭಾರತ ಮತ್ತು ಅಮೆರಿಕದ ಬಳಿಯೂ ಸುಳಿವುಗಳಿದ್ದವು, ಯಾರೂ ಅವನ್ನು ಜೋಡಿಸಲಿಲ್ಲ ಎಂದು 2014ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮತ್ತು ‘ಪ್ರೊಪಬ್ಲಿಕಾ’ ವರದಿ ಮಾಡಿದವು. ಮೂರು ದೇಶಗಳ ಬಳಿ ಕಣಜ ತುಂಬಿತ್ತು. ಕಣಜವನ್ನು ದೊಡ್ಡದು ಮಾಡಿದಷ್ಟೂ ಅದರಲ್ಲಿ ಬೇಕಾದ ಕಾಳು ಹುಡುಕುವುದು ಕಷ್ಟ.

ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಅಲ್ಲಿ ರಾಜ್ಯ ರಾಜ್ಯಗಳಲ್ಲಿ ‘ಫ್ಯೂಷನ್ ಸೆಂಟರ್’ಗಳು ಎದ್ದವು. 2012ರಲ್ಲಿ ಸೆನೆಟ್‌ನ ಉಪಸಮಿತಿಯೊಂದು ಅವುಗಳ ಹದಿಮೂರು ತಿಂಗಳ ವರದಿಗಳನ್ನು ತೆರೆದು ಓದಿತು. ಅವು ಪತ್ತೆಹಚ್ಚಿ ತಪ್ಪಿಸಿದ ಒಂದೇ ಒಂದು ಭಯೋತ್ಪಾದಕ ಸಂಚೂ ಅದಕ್ಕೆ ಕಾಣಲಿಲ್ಲ. ಎಷ್ಟೋ ವರದಿಗಳು ನಾಗರಿಕರ ಹಕ್ಕುಗಳ ಮೇಲೆ ಕಾಲಿಟ್ಟಿದ್ದವು. ಖರ್ಚಾದ ಕೇಂದ್ರದ ಹಣ 28.9 ಕೋಟಿ ಡಾಲರೋ 140 ಕೋಟಿ ಡಾಲರೋ ಎಂಬುದೂ ಲೆಕ್ಕಕ್ಕೆ ಸಿಗಲಿಲ್ಲ. ಆದರೆ ಅಲ್ಲಿ ಕನಿಷ್ಠ ಆ ಕಡತಗಳನ್ನು ಬಿಚ್ಚಿ ಓದುವ ಅಧಿಕಾರ ಜನಪ್ರತಿನಿಧಿಗಳಿಗಿತ್ತು. ಇಲ್ಲಿ ಐಬಿ ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗೆ, ನ್ಯಾಟ್‌ಗ್ರಿಡ್ 2011ರಿಂದ ಹೊರಗೆ. ಪ್ರಧಾನ್ ಸಮಿತಿಗೂ ಮುಂಬಯಿ ಪೊಲೀಸರನ್ನಷ್ಟೇ ಪ್ರಶ್ನಿಸುವ ಅಧಿಕಾರವಿತ್ತು. ಐಬಿ, ರಾ, ನೌಕಾಪಡೆ, ಎನ್‌ಎಸ್‌ಜಿ ಅದರ ವ್ಯಾಪ್ತಿಗೆ ಬರಲಿಲ್ಲ. ಕೇಂದ್ರ ಮತ್ತು ರಾಜ್ಯ ಎರಡನ್ನೂ ಕೂರಿಸಿ ಕೇಳುವ ರಾಷ್ಟ್ರೀಯ ವಿಚಾರಣೆ ಇಂದಿಗೂ ನಡೆದಿಲ್ಲ.

ತಪ್ಪು ಮಾಹಿತಿಯ ಬೆಲೆಯೂ ಮುಂಬಯಿಗೆ ಗೊತ್ತು. 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಎಟಿಎಸ್ ಒಂದು ಗುಂಪನ್ನು ಬಂಧಿಸಿತು. ಎರಡು ವರ್ಷದ ನಂತರ ಮುಂಬಯಿ ಕ್ರೈಂ ಬ್ರಾಂಚ್ ಹಿಡಿದ ಇಂಡಿಯನ್ ಮುಜಾಹಿದೀನ್‌ನ ಒಬ್ಬ, ಅದು ತಮ್ಮ ಗುಂಪಿನ ಕೃತ್ಯ ಎಂದು ಹೇಳಿಕೆ ಕೊಟ್ಟ. ಮುಂದೆ ನ್ಯಾಯಾಲಯದಲ್ಲಿ ಅದರಿಂದ ಹಿಂದೆ ಸರಿದ. ಒಂದೇ ರಾಜ್ಯದ ಪೊಲೀಸರ ಬಳಿ ಒಂದೇ ಸ್ಫೋಟಕ್ಕೆ ಎರಡು ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿ ತೀರ್ಮಾನಿಸುವ ಹೊಣೆ ಯಾರದೂ ಆಗಿರಲಿಲ್ಲ. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ವಿಧಿಸಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲ 12 ಮಂದಿಯನ್ನೂ ಖುಲಾಸೆ ಮಾಡಿತು. ಸುಪ್ರೀಂ ಕೋರ್ಟ್ ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸದಂತೆ ತಡೆದಿದೆ, ಬಿಡುಗಡೆಯಾದವರನ್ನು ಜೈಲಿಗೆ ಮರಳಿಸಿಲ್ಲ. ಹೈಕೋರ್ಟ್ ಹೇಳಿದ್ದು ಸರಿಯಾದರೆ ಅಮಾಯಕರ ಹತ್ತೊಂಬತ್ತು ವರ್ಷ ಹೋಯಿತು, ನಿಜವಾದ ಅಪರಾಧಿಗಳು ಹೊರಗುಳಿದರು. ಅನುಮಾನವೊಂದು ಹಂಚಿಕೆಯ ಜಾಲ ಹತ್ತಿದರೆ ಹತ್ತು ಕಚೇರಿಗಳಲ್ಲಿ ಸತ್ಯವಾಗಿ ಕೂರುತ್ತದೆ. ಅದನ್ನು ಅಳಿಸುವ ದಾರಿ ಎಲ್ಲೂ ಬರೆದಿಲ್ಲ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದಲ್ಲ. 2011ರ ನಂತರ ಮುಂಬಯಿಯಲ್ಲಿ ಅಂಥ ದೊಡ್ಡ ದಾಳಿ ನಡೆದಿಲ್ಲ, ಅದರ ಹಿಂದೆ ಮ್ಯಾಕ್‌ನ ದಿನನಿತ್ಯದ ಸದ್ದಿಲ್ಲದ ದುಡಿಮೆಯಿದೆ ಎನ್ನುತ್ತಾರೆ ಅಧಿಕಾರಿಗಳು. ಇರಬಹುದು; ಆ ಶ್ರೇಯ ಅವರಿಗೆ ಸಲ್ಲಲಿ. ಪ್ರತಿ ಎಚ್ಚರಿಕೆಗೂ ಲಿಖಿತ ಉತ್ತರ ಕೇಳಿದರೆ ಠಾಣೆಯ ಇನ್‌ಸ್ಪೆಕ್ಟರ್ ಬೀದಿಗಿಂತ ಹೆಚ್ಚು ಹೊತ್ತು ಕಡತದ ಮುಂದೆ ಕೂರಬೇಕಾಗುತ್ತದೆ ಎಂಬುದೂ ನಿಜ. ಆದರೆ ಉತ್ತರ ನಿರೀಕ್ಷಿಸದ ಎಚ್ಚರಿಕೆ ಯಾರಿಗಾಗಿ? ನಾಳೆ ಏನಾದರೂ ಆದರೆ ‘ಮೊದಲೇ ತಿಳಿಸಿದ್ದೆವು’ ಎಂದು ತೋರಿಸಲು ಕಳಿಸುವ ಸಂದೇಶ ಕಳಿಸಿದವರನ್ನಷ್ಟೇ ಕಾಯುತ್ತದೆ. ಉತ್ತರ ಬರೆಯಲೇಬೇಕು ಎಂದಾದರೆ ಅಂಥ ಸಂದೇಶಗಳು ತಾವಾಗಿಯೇ ಕಡಿಮೆಯಾಗುತ್ತವೆ, ಉಳಿದವುಗಳಿಗೆ ತೂಕ ಬರುತ್ತದೆ.

ಆಗಬೇಕಾದ ಕೆಲಸಗಳು ದೊಡ್ಡ ಕಟ್ಟಡ ಬೇಡುವಂಥವಲ್ಲ. ಜಾಗ, ವಿಧಾನ ಅಥವಾ ಹೊತ್ತು ಹೆಸರಿಸುವ ಪ್ರತಿ ಎಚ್ಚರಿಕೆಯ ಮೇಲೂ ಅದಕ್ಕೆ ಹೊಣೆಯಾದ ಹುದ್ದೆಯ ಹೆಸರು ಮತ್ತು ಗಡುವು ಇರಬೇಕು. ಏನು ಮಾಡಲಾಯಿತು, ಯಾಕೆ ಮಾಡಲಿಲ್ಲ ಎಂದು ಬರೆಯುವ ತನಕ ಅದು ಮುಚ್ಚಬಾರದು. ಭದ್ರತೆ ಸಡಿಲಿಸುವವರು ಸಹಿ ಹಾಕಿ ಸಡಿಲಿಸಬೇಕು. ಕೆಳಗಿನಿಂದ ಮೇಲೆ ಹೋಗುವ ಸುದ್ದಿಗೂ ಇದೇ ನಿಯಮ ಬೇಕು. ಆ ರಾತ್ರಿ ಕಫ್ ಪರೇಡ್‌ನ ಮಚ್ಛಿಮಾರ್ ನಗರದ ದಡದಲ್ಲಿ ರಬ್ಬರ್ ದೋಣಿಯಿಂದ ಇಳಿದವರನ್ನು ಮೊದಲು ಕಂಡು ಯಾರು ನೀವು ಎಂದು ಕೇಳಿದವರು ಅಲ್ಲಿನ ಕೋಳಿ ಮೀನುಗಾರರು. ಗುಪ್ತಚರ ಜಾಲದ ಯಾವ ನಕ್ಷೆಯಲ್ಲೂ ಅವರಿರಲಿಲ್ಲ.

ಮ್ಯಾಕ್‌ಗೂ ನ್ಯಾಟ್‌ಗ್ರಿಡ್‌ಗೂ ಸಂಸತ್ತಿನ ಕಾಯ್ದೆ ಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ಹಕ್ಕನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಬೇಕೆಂದೂ ಆ ತೀರ್ಪು ಹೇಳಿದೆ. ಗುಪ್ತಚರ ಸಂಸ್ಥೆಗಳನ್ನು ಕಾನೂನಿನ ಚೌಕಟ್ಟಿಗೆ ತರುವ ಖಾಸಗಿ ಮಸೂದೆಯನ್ನು ಮನೀಶ್ ತಿವಾರಿ 2011ರಲ್ಲೇ ಲೋಕಸಭೆಯ ಮುಂದಿಟ್ಟಿದ್ದರು. ಅದನ್ನು ಕೈಗೆತ್ತಿಕೊಳ್ಳುವ ಆಸಕ್ತಿ ಅಂದಿನ ಸರ್ಕಾರಕ್ಕೂ ಇರಲಿಲ್ಲ, ಆಮೇಲೆ ಬಂದವರಿಗೂ ಇಲ್ಲ. ಗೋಪ್ಯವಾಗಿ ಕೂತು ಕಡತ ಓದುವ, ವರ್ಷಕ್ಕೊಮ್ಮೆ ಬಹಿರಂಗ ವರದಿ ಕೊಡುವ ಸಂಸದೀಯ ಸಮಿತಿ ಬಂದರೆ ಯಾವ ಗುಟ್ಟೂ ರಟ್ಟಾಗುವುದಿಲ್ಲ. ಎಚ್ಚರಿಕೆಗಳು ಎಷ್ಟು ಬಂದವು, ಎಷ್ಟಕ್ಕೆ ಕ್ರಮವಾಯಿತು, ಎಷ್ಟು ಸುಳ್ಳಾದವು, ತಪ್ಪಾಗಿ ಸೇರಿದ ಎಷ್ಟು ಹೆಸರುಗಳನ್ನು ತೆಗೆಯಲಾಯಿತು: ಈ ನಾಲ್ಕು ಅಂಕಿಗಳಿಂದ ಶತ್ರುವಿಗೆ ಲಾಭವಿಲ್ಲ. ಸಿಎಸ್‌ಎಂಟಿಯಿಂದ ಸಂಜೆಯ ಲೋಕಲ್ ಹತ್ತುವವರಿಗೆ ಮಾತ್ರ ಅವನ್ನು ತಿಳಿಯುವ ಹಕ್ಕಿದೆ. 2008ರ ಆ ರಾತ್ರಿ ಅದೇ ನಿಲ್ದಾಣದಲ್ಲಿ ಸತ್ತ 58 ಜನರಿಗೆ ಯಾವ ಎಚ್ಚರಿಕೆಯೂ ತಲುಪಿರಲಿಲ್ಲ.