ಸಾಕ್ಷ್ಯ ಅಳಿಸುವ ಎರಡು ಹನಿ

ಹಾಲು ಕೆಡದಿರಲೆಂದು ಫಾರ್ಮಲಿನ್ ಬೆರೆಸಿ ಮಾರುವುದು ಅಪರಾಧ. ಅದೇ ಹಾಲಿನ ಮಾದರಿಯನ್ನು ಪರೀಕ್ಷೆಗೆ ಕಳಿಸುವ ಅಧಿಕಾರಿ 25 ಮಿ.ಲೀ.ಗೆ ಎರಡು ಹನಿಯಂತೆ ಫಾರ್ಮಲಿನ್ ಹಾಕಬಹುದು ಎನ್ನುತ್ತವೆ 2011ರ ಆಹಾರ ಸುರಕ್ಷತಾ ನಿಯಮಗಳು. ಕೆನೆಗೂ ಖೋವಾಕ್ಕೂ ಇದೇ ಲೆಕ್ಕ. ಜಿಡ್ಡೆಷ್ಟಿದೆ ಎಂದು ಅಳೆಯಲು ಇದು ಅನುಕೂಲವೇ. ಆದರೆ ಮಾರಿದವನೇ ಮೊದಲು ಫಾರ್ಮಲಿನ್ ಹಾಕಿದ್ದನೇ ಎಂಬ ಪ್ರಶ್ನೆಗೆ ಆ ಬಾಟಲಿ ಉತ್ತರ ಕೊಡಲಾರದು. ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಸರಕಾರಿ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಗಳಿವೆ. ಆದರೆ ಮಾದರಿ ಅಲ್ಲಿಗೆ ಮುಟ್ಟುವ ಮೊದಲೇ ಸಾಕ್ಷ್ಯ ಅಳಿಸಿಹೋದರೆ ಪ್ರಯೋಗಾಲಯ ಎಷ್ಟು ಹತ್ತಿರವಿದ್ದರೇನು? 2027ರ ಸಿಂಹಸ್ಥ ಕುಂಭಮೇಳಕ್ಕೆ ಲಕ್ಷಾಂತರ ಜನ ನಾಸಿಕ್‌ಗೆ ಬರುತ್ತಾರೆ, ಹಾಲಿನ ಬೇಡಿಕೆಯೂ ಏರುತ್ತದೆ. ಸಂರಕ್ಷಕಗಳ ಪರೀಕ್ಷೆ ಮಾದರಿ ತೆಗೆದ ಜಾಗದಲ್ಲೇ, ಅದಕ್ಕೆ ಏನನ್ನೂ ಬೆರೆಸುವ ಮುನ್ನ ನಡೆಯಬೇಕು.

ಇದು ದುಬಾರಿ ಕೆಲಸವೇನಲ್ಲ. ಹಾಲಿನ ಕೊಳವೆಯ ಅಂಚಿನಿಂದ, ತುಸು ಫೆರಿಕ್ ಕ್ಲೋರೈಡ್ ಸೇರಿಸಿದ ಗಂಧಕಾಮ್ಲವನ್ನು ಮೆಲ್ಲಗೆ ಇಳಿಸಿದರೆ ಸಾಕು: ಫಾರ್ಮಲಿನ್ ಇದ್ದಲ್ಲಿ ನೇರಳೆ ಉಂಗುರ ಮೂಡುತ್ತದೆ. ಇನ್ನೊಂದು ಸಂರಕ್ಷಕವಾದ ಬೋರಿಕ್ ಆಮ್ಲವನ್ನು ಅರಿಸಿನ ಕಾಗದ ಕೆಂಪಾಗಿ ಹಿಡಿದುಕೊಡುತ್ತದೆ. ಇಂಥ ಬಣ್ಣ ನ್ಯಾಯಾಲಯದಲ್ಲಿ ನಿಲ್ಲದು ಎಂಬ ಆಕ್ಷೇಪ ಸರಿಯೇ. ಅದಕ್ಕೇ ಶಂಕೆ ಬಂದಾಗ ಏನೂ ಹಾಕದ ಮತ್ತೊಂದು ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು ಅಂದೇ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸ್ಥಳದ ಪರೀಕ್ಷೆ ಶೋಧಿಸಲಿ, ಪ್ರಯೋಗಾಲಯ ಸಾಬೀತುಪಡಿಸಲಿ.

ಸಮಸ್ಯೆಯೇ ಚಿಕ್ಕದೆಂದು ಕೆಲವರು ಹೇಳಬಹುದು. 2018ರ ರಾಷ್ಟ್ರೀಯ ಸಮೀಕ್ಷೆಯ 6,432 ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ, ನಿಜ. ಆದರೆ ಅವುಗಳಲ್ಲಿ ಆರು ಹೈಡ್ರೋಜನ್ ಪೆರಾಕ್ಸೈಡ್‌ನವು, ಅದೂ ಸಂರಕ್ಷಕವೇ. ತುಸು ಹಾಕಿದರೆ ಏನಾದೀತು ಎಂಬ ವಾದವೂ ಹಳೆಯದು. ಊರಿನ ಸಂಗ್ರಾಹಕ, ಡೇರಿ, ಟ್ಯಾಂಕರು, ಅಂಗಡಿ ಹೀಗೆ ಹಾಲು ಹಲವು ಕೈ ದಾಟುತ್ತದೆ. ಒಬ್ಬೊಬ್ಬರೂ ತುಸುವೇ ಹಾಕಿದರೆ ಒಟ್ಟು ಎಷ್ಟಾಯಿತೆಂಬ ಲೆಕ್ಕ ಯಾರ ಬಳಿಯೂ ಇರದು. ಅದನ್ನು ಕುಡಿಯುವುದು ಹಾಲೇ ಮುಖ್ಯ ಆಹಾರವಾದ ಮಗು. ಬ್ರಿಟನ್ 1912ರಲ್ಲೇ ಹಾಲಿಗೆ ಸಂರಕ್ಷಕ ಸೇರಿಸುವುದನ್ನು ನಿಷೇಧಿಸಿತು. ತಂಪುಯಂತ್ರವಿಲ್ಲದ ಸಣ್ಣ ರೈತ ಏನು ಮಾಡಬೇಕು ಎಂಬುದೊಂದೇ ಗಟ್ಟಿ ಪ್ರಶ್ನೆ. ಅವನಿಗೆ ಬೇಕಾದದ್ದು ಊರಿನಲ್ಲೇ ಹಾಲು ತಂಪಾಗಿಸುವ ವ್ಯವಸ್ಥೆ. ಅದನ್ನು ಒದಗಿಸದೆ ರೈತನಿಗಷ್ಟೇ ದಂಡ ಹಾಕುವುದು ಅನ್ಯಾಯ; ಒದಗಿಸಿಲ್ಲವೆಂದು ವಿಷವನ್ನು ಸಹಿಸುವುದು ಇನ್ನೂ ದೊಡ್ಡ ಅನ್ಯಾಯ. ಪರೀಕ್ಷೆ ಟ್ಯಾಂಕರುಗಳಿಂದ ಶುರುವಾಗಲಿ, ಫಲಿತಾಂಶ ಪ್ರತಿ ತಿಂಗಳೂ ಪ್ರಕಟವಾಗಲಿ. ಕುಂಭಮೇಳಕ್ಕೆ ಮುನ್ನ ಮಹಾರಾಷ್ಟ್ರ ಸರಕಾರ ಇಷ್ಟನ್ನಾದರೂ ಮಾಡಬೇಕು.