ಕೋವಿ ಇಲ್ಲದವರೂ ತಿಳಿದಿರಲಿ



ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿಯ ಗಂಧಗಾಳಿ ಇಲ್ಲದ ನೆಂಟರು ಫೋಟೊಗೆಂದು ಅದನ್ನೆತ್ತಿ, ಟ್ರಿಗರ್ ಮೇಲೆ ಬೆರಳಿಟ್ಟು, ನಳಿಗೆಯನ್ನು ಪಕ್ಕದವರತ್ತ ತಿರುಗಿಸಿಬಿಡುತ್ತಾರೆ. ಎದೆ ಝಲ್ಲೆನ್ನುತ್ತದೆ. ‘ಖಾಲಿ ಇದೆ’ ಎಂಬ ಮಾತನ್ನು ನಂಬಲೇಬಾರದು. ಜೋಡುನಳಿಗೆ ಕೋವಿಯಾದರೆ ಮಡಚಿ, ತೋಟಾ ಇಲ್ಲವೆಂದು ತೋರಿಸುವಂತೆ ಮನೆಯವರನ್ನೇ ಕೇಳಬೇಕು, ಇದರಲ್ಲಿ ಸಂಕೋಚವೇಕೆ? ಪಿಸ್ತೂಲಿನ ಮ್ಯಾಗಜಿನ್ ಕಳಚಿದ ಮೇಲೂ ಒಳಗೊಂದು ಗುಂಡು ಉಳಿದಿರಬಹುದು. ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸ್ಪರ್ಧೆಯ ಸಂಘಟಕರು ಮೊದಲ ಗುಂಡಿಗೆ ಮುನ್ನ ಇಷ್ಟನ್ನು ಮೈಕಿನಲ್ಲಿ ನೋಡುಗರಿಗೂ ತಿಳಿಸಲಿ.

– ಓದುಗ, ವಿರಾಜಪೇಟೆ