ಕರೆದರೆ ಸಾಕೇ? ಮಣೆ ಹಾಕಬೇಡವೇ?

ನಮ್ಮ ಟೀಮಿನ ಗೆಳೆಯನೊಬ್ಬನಿಗೆ ಜರ್ಮನಿಯಿಂದ ಆಫರ್ ಬಂದಿದೆ. "ಅಮೆರಿಕಾಗೆ ಟ್ರೈ ಮಾಡೋದು ಬಿಟ್ಟು ಅಲ್ಲಿಗೆ ಯಾಕೋ ಹೋಗ್ತೀಯ? ಸಂಬಳ ಕಮ್ಮಿ, ಟ್ಯಾಕ್ಸ್ ಜಾಸ್ತಿ" ಅಂತ ಕಾಫಿ ಮೆಷಿನ್ ಹತ್ತಿರ ಎಲ್ಲರೂ ಅವನ ಕಾಲೆಳೆದೆವು. ಅವನು ಹೇಳಿದ್ದಿಷ್ಟೇ: "ನನ್ ಹೆಂಡ್ತಿ ಸಂಬಳ ಎಷ್ಟು ಅಂತ ಕೇಳ್ಲಿಲ್ಲ ಕಣ್ರೋ. ಅಲ್ಲಿ ನಾನೂ ಕೆಲಸ ಮಾಡ್ಬಹುದಾ ಅಂತ ಕೇಳಿದ್ಲು."

ತಮಾಷೆ ಅಂದ್ರೆ, ಇದೇ ಜರ್ಮನಿ ಒಂದು ಕಾಲದಲ್ಲಿ ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡದೆ ಎಡವಿತ್ತು. 2000ದ ಫೆಬ್ರವರಿಯಲ್ಲಿ ಆಗಿನ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಹ್ಯಾನೋವರಿನ ಸೆಬಿಟ್ ಮೇಳದಲ್ಲಿ 'ಗ್ರೀನ್ ಕಾರ್ಡ್' ಘೋಷಿಸಿದರು. 20,000 ಐಟಿ ಮಂದಿ ಬೇಕು, ಬನ್ನಿ! ಹೆಸರನ್ನೇನೋ ಅಮೆರಿಕಾದಿಂದ ಕಡ ತಂದರು, ಆದರೆ ತಿರುಳನ್ನು ಅಲ್ಲೇ ಬಿಟ್ಟು ಬಂದರು. ಅಮೆರಿಕಾದ ಗ್ರೀನ್ ಕಾರ್ಡ್ ಅಂದರೆ ಕಾಯಂ ವಾಸ. ಇವರದ್ದು ಐದೇ ವರ್ಷ. ಜೊತೆಗೆ ಬಂದ ಗಂಡನೋ ಹೆಂಡತಿಯೋ ಕೂಡಲೇ ಕೆಲಸಕ್ಕೆ ಸೇರುವ ಹಾಗಿಲ್ಲ, ಕಾಯಬೇಕು. ಸಾಲದ್ದಕ್ಕೆ ಅದೇ ವರ್ಷ ನಾರ್ತ್ ರೈನ್-ವೆಸ್ಟ್‌ಫೇಲಿಯಾದ ಚುನಾವಣೆಯಲ್ಲಿ ಯುರ್ಗೆನ್ ರುಟ್ಗರ್ಸ್ ಹೆಸರಿಗೆ ಅಂಟಿಕೊಂಡ ಘೋಷಣೆ 'ಕಿಂಡರ್ ಶ್ಟಾಟ್ ಇಂಡರ್', ಅಂದರೆ 'ಭಾರತೀಯರ ಬದಲು ಮಕ್ಕಳು'. ಪ್ರಾಸ ಚೆನ್ನಾಗಿದೆ :-) ಆದರೆ ಊಟಕ್ಕೆ ಕರೆದ ಮನೆಯ ಒಳಗಿಂದ ಇಂಥ ಮಾತು ಕೇಳಿಸಿದರೆ ಎಲೆ ಮುಂದೆ ಯಾರು ಕೂರ್ತಾರೆ? (ರುಟ್ಗರ್ಸ್ ಆ ಚುನಾವಣೆಯಲ್ಲಿ ಸೋತರು ಅನ್ನಿ.)

2004ರ ಕೊನೆಯವರೆಗೂ ಕಾರ್ಡ್ ಕೊಟ್ಟರು. ಒಟ್ಟು ಸುಮಾರು 18,000. ಡಾಟ್‌ಕಾಂ ಗುಳ್ಳೆ ಒಡೆದದ್ದೂ ಒಂದು ಕಾರಣ, ಒಪ್ಪಿದೆ. ಆದರೆ ಅದೇ ಹೊತ್ತಿಗೆ ಅಮೆರಿಕಾ 2001ರಿಂದ 2003ರವರೆಗೆ ಎಚ್-1ಬಿ ಮಿತಿಯನ್ನು ವರ್ಷಕ್ಕೆ 1,95,000ಕ್ಕೆ ಏರಿಸಿತ್ತು. ಆ ವೀಸಾದಲ್ಲಿ ಹೋದವರು ಅಲ್ಲಿದ್ದುಕೊಂಡೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಿತ್ತು. ನಮ್ಮ ಸೀನಿಯರುಗಳು ಯಾವ ಕಡೆ ವಿಮಾನ ಹತ್ತಿದರು ಅಂತ ಹೇಳಬೇಕಾಗಿಲ್ಲ.

ಈಗ ನೋಡಿದರೆ ಎಲ್ಲಾ ತಿರುಗುಮುರುಗು. ಜರ್ಮನಿಯಲ್ಲಿ 2012ರಲ್ಲಿ ಬಂದ ಬ್ಲೂ ಕಾರ್ಡಿನಲ್ಲಿ ಸಂಗಾತಿಗೆ ಮೊದಲ ದಿನದಿಂದಲೇ ಕೆಲಸದ ಹಕ್ಕಿದೆ. ಬಿ1 ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೇ ಕಾಯಂ ವಾಸ ಸಿಗಬಹುದು. 2024ರಲ್ಲಿ ಭಾರತೀಯ ಕುಶಲ ಕೆಲಸಗಾರರ ವೀಸಾ ಮಿತಿಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸಿದರು.

ಅಮೆರಿಕಾದಲ್ಲಿ? ಯಾವ ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಅನ್ನೋ ನಿಯಮದಿಂದ ನಮ್ಮವರ ಸಾಲು ದಶಕಗಟ್ಟಲೆ ಉದ್ದ. ಆ ಅರ್ಜಿ ಒಂದು ಹಂತ ದಾಟುವ ತನಕ ಎಚ್-4 ವೀಸಾದಲ್ಲಿರುವ ಹೆಂಡತಿಗೆ ಕೆಲಸವಿಲ್ಲ, ಆಕೆ ಎಂಜಿನಿಯರೇ ಆಗಿರಲಿ, ಡಾಕ್ಟರೇ ಆಗಿರಲಿ. 2025ರ ಸೆಪ್ಟೆಂಬರಿನಲ್ಲಂತೂ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಅಂದರು.

"ಸಂಬಳ ಇದ್ದರೆ ಎಲ್ಲ ಸಹಿಸ್ಕೋತಾರೆ ಬಿಡಿ" ಅನ್ನುವವರು 2023ರ ಜುಲೈ ನೆನಪಿಸಿಕೊಳ್ಳಿ. ಅಮೆರಿಕಾದಲ್ಲಿರುವ ಎಚ್-1ಬಿ ಮಂದಿಗೆ ಕೆನಡಾ 10,000 ವರ್ಕ್ ಪರ್ಮಿಟ್ ತೆರೆದಿಟ್ಟಿತು, ಕುಟುಂಬದವರೂ ಅಲ್ಲಿ ಕೆಲಸ ಮಾಡಬಹುದು ಅನ್ನೋ ಮಾತಿನ ಜೊತೆ. ಎರಡು ದಿನದೊಳಗೆ ಅರ್ಜಿಗಳ ಮಿತಿ ಮುಗಿದುಹೋಯಿತು. ಅವರೆಲ್ಲ ಆಗಲೇ ಡಾಲರ್ ಎಣಿಸುತ್ತಿದ್ದವರೇ!

ನಮ್ಮ ಗೆಳೆಯ ಆಫರಿಗೆ ಸಹಿ ಹಾಕಿಯಾಯ್ತು. ಗಂಡ-ಹೆಂಡತಿ ಇಬ್ಬರೂ ಶನಿವಾರ ಜರ್ಮನ್ ಕ್ಲಾಸಿಗೆ ಹೋಗ್ತಿದ್ದಾರೆ. ಇವನಿನ್ನೂ ಮೇಜು ಗಂಡೋ ಹೆಣ್ಣೋ ಅಂತ ತಲೆ ಕೆರ್ಕೊಳ್ತಿದ್ದಾನೆ, ಆಕೆ ಆಗಲೇ ರೆಸ್ಯೂಮೆ ಬರೆಯೋಕೆ ಶುರು ಮಾಡಿದ್ದಾಳಂತೆ.